‘ಚಿರಸ್ಮರಣೆ’ಯಲ್ಲಿ ನಾಯಕವಿಚಾರ

ನಮ್ಮ ಆಲಂಕಾರಿಕರು ನಾಯಕನೆಂಬ ಪದಾರ್ಥವನ್ನು ಎಷ್ಟು ಸೂಕ್ಷ್ಮವಾಗಿ ವಿಂಗಡಿಸಿರುವರೆಂಬುದು ಈ ಪತ್ರಿಕೆಯ ವಾಚಕರಿಗೆ ವಿದಿತವಾದ ಸಂಗತಿಯೇ. ಧನಂಜಯನು ದಶರೂಪಕದಲ್ಲಿ ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತರೆಂದು ನಾಲ್ಕು ಬಗೆಯವರನ್ನು ಗಣಿಸಿ ಅವರವರ ಗುಣಗಳನ್ನು ಹೇಳಿದನು. ದಂಡಿಯು ಮಹಾಕಾವ್ಯಕ್ಕೆ ಚತುರನೂ ಉದಾತ್ತನೂ ಆದವನು ಬೇಕೆಂದನು. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ರಘುವಂಶದಂಥ ಲಕ್ಷ್ಯವನ್ನು ಕಣ್ಣೆದುರಿಗಿಟ್ಟುಕೊಂಡು, ಒಂದೇ ವಂಶದಲ್ಲಿ ಹುಟ್ಟಿದ ಹಲವು ಮಂದಿ ಅರಸರೂ ನಾಯಕರಾಗಬಹುದೆಂದು ಸ್ವಲ್ಪ ಸಡಿಲಿಸಿದನು. ಆದರೆ ವಂಶವಿಲ್ಲದ, ಪಟ್ಟವಿಲ್ಲದ, ಗೇಣಿಯ ಗದ್ದೆಯನ್ನು ಉಳುವ ನಾಲ್ವರು ಒಂದು ಪ್ರಬಂಧದ ನಾಯಕರಾಗುವರೆಂದರೆ ಆತನು ಏನು ಹೇಳುತ್ತಿದ್ದನೋ! ದಿವಂಗತ ನಿರಂಜನರ ‘ಚಿರಸ್ಮರಣೆ’ಯು (1955) ಈ ಪ್ರಶ್ನೆಯನ್ನು ನಮ್ಮ ಮುಂದೆ ಇಡುತ್ತದೆ. ಕಾದಂಬರಿಯು ಅಚ್ಚಾಗಿ ಎಪ್ಪತ್ತು ವರ್ಷಗಳು ಕಳೆದರೂ ಈ ಪ್ರಶ್ನೆಯನ್ನು ಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡುವ ಕೆಲಸವು ಸಾಕಷ್ಟು ನಡೆದಿಲ್ಲ. ಅದನ್ನು ಹೊಗಳಿದವರು ಅದರ ಪಕ್ಷವನ್ನು ಹೊಗಳಿದರು. ತೆಗಳಿದವರೂ ಬಹುಮಟ್ಟಿಗೆ ಅದರ ಪಕ್ಷವನ್ನೇ ತೆಗಳಿದರು.

ಕ್ರಾಂತಿ ಎಂಬ ಶಬ್ದವನ್ನೇ ಮೊದಲು ನೋಡೋಣ. ಪಾಠಶಾಲೆಯಲ್ಲಿ ಓದಿದವರಿಗೆ ಈ ಶಬ್ದವು ಮೊದಲು ದೊರೆಯುವುದು ಜ್ಯೋತಿಷದಲ್ಲಿ. ಸೂರ್ಯನು ವರ್ಷವಿಡೀ ನಡೆಯುವ ಮಾರ್ಗಕ್ಕೆ ಕ್ರಾಂತಿವೃತ್ತವೆಂದು ಹೆಸರು. ಆ ಮಾರ್ಗವು ನಿಯತವಾದುದು. ಯಾರೂ ನೂಕಬೇಕಾಗಿಲ್ಲ, ಯಾರು ಅಡ್ಡ ನಿಂತರೂ ನಿಲ್ಲುವುದಿಲ್ಲ. ರಾಜ್ಯವ್ಯವಸ್ಥೆಯ ತಲೆಕೆಳಗನ್ನು ಈ ಪದದಿಂದ ಸೂಚಿಸುವುದು ಈಚಿನ ಬಳಕೆ. ಆದರೂ ಹಳೆಯ ಅರ್ಥದ ನೆರಳು ಹೊಸದರ ಮೇಲೆ ಬಿದ್ದಿದೆಯೆಂದು ನನಗೆ ತೋರುತ್ತದೆ. ಇತಿಹಾಸವು ತನ್ನ ನಿಯಮದಂತೆ ತಾನೇ ತಿರುಗುತ್ತದೆ, ವ್ಯಕ್ತಿಯು ಅದರಲ್ಲಿ ನಿಮಿತ್ತಮಾತ್ರನೆಂಬುದು ಒಂದು ಪಕ್ಷ. ಮಹಾಪುರುಷನೊಬ್ಬನು ಹುಟ್ಟಿ ಲೋಕವನ್ನು ತಿರುಗಿಸುತ್ತಾನೆಂಬುದು ಇನ್ನೊಂದು ಪಕ್ಷ. ದೈವಪುರುಷಕಾರಗಳ ಹಳೆಯ ವಾದವೇ ವೇಷ ಬದಲಿಸಿಕೊಂಡು ಬಂದಿರುವುದೆಂದು ಹೇಳಬಹುದು. ‘ಚಿರಸ್ಮರಣೆ’ಯು ಈ ಎರಡು ಪಕ್ಷಗಳಲ್ಲಿ ಯಾವುದಕ್ಕೂ ಸೇರಿದುದಲ್ಲವೆಂಬುದೇ ನನ್ನ ಪ್ರಕೃತ ಪ್ರಮೇಯ.

ಇದನ್ನು ಊರಿಗಾಮಿನಲ್ಲಿ ಕುಳಿತು ಬರೆಯುತ್ತಿರುವುದಕ್ಕೂ ವಿಷಯಕ್ಕೂ ಸಂಬಂಧವಿದೆ. ಕೋಲಾರದ ಚಿನ್ನದ ಗಣಿಗಳ ಈ ಪ್ರದೇಶದಲ್ಲಿ ದುಡಿಯುವ ಜನರು ಸೇರಿ ನಡೆಯಿಸಿದ ಹೋರಾಟಗಳು ಕಯ್ಯೂರಿನ ಹೋರಾಟಕ್ಕೆ ಹಿಂದಿನವೂ ಉಂಟು, ಮುಂದಿನವೂ ಉಂಟು. ಅವುಗಳ ಪ್ರಸ್ತಾಪವು ಮುಂದೆ ಬರುತ್ತದೆ.

ಮೊದಲು ವಸ್ತುವನ್ನು ಸಂಗ್ರಹವಾಗಿ ಹೇಳುತ್ತೇನೆ. ಕಯ್ಯೂರು ಈಗ ಕೇರಳದ ಕಾಸರಗೋಡು ಜಿಲ್ಲೆಗೆ ಸೇರಿದ ಹಳ್ಳಿ. ಆಗ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿದ್ದಿತು. ಊರಿನ ಮಗ್ಗುಲಲ್ಲಿ ತೇಜಸ್ವಿನಿ ಹೊಳೆ. ಗೇಣಿಯ ಮೇಲೆ ನಾನಾ ನೆವಗಳಿಂದ ನಡೆಯುತ್ತಿದ್ದ ಅಕ್ರಮ ವಸೂಲಿಯನ್ನು ಎದುರಿಸಲು ಅಲ್ಲಿಯ ಒಕ್ಕಲುಗಳು ಕೃಷಿಕಸಂಘವನ್ನು ಕಟ್ಟಿಕೊಂಡರು. 1941ರ ಮಾರ್ಚ್ 28ರಂದು ಅವರ ಮೆರವಣಿಗೆಯೊಂದಕ್ಕೆ ಸುಬ್ಬರಾಯನ್ ಎಂಬ ಪೊಲೀಸಿನವನು ಎದುರಾದನು. ಜನರು ಅವನ ಕೈಗೆ ಕೆಂಬಾವುಟವನ್ನು ಕೊಟ್ಟು ತಮ್ಮೊಡನೆ ನಡೆಯುವಂತೆ ಮಾಡಿದರು. ಅವನು ತಪ್ಪಿಸಿಕೊಳ್ಳಲು ಹೊಳೆಗೆ ಹಾರಿ ಮುಳುಗಿ ಸತ್ತನು. ಮಂಗಳೂರಿನಲ್ಲಿ ವಿಚಾರಣೆ ನಡೆದು ಐವರಿಗೆ ಮರಣದಂಡನೆಯು ವಿಧಿಸಲ್ಪಟ್ಟಿತು. ಒಬ್ಬನು ಇನ್ನೂ ವಯಸ್ಸಿಗೆ ಬಾರದವನೆಂಬ ಕಾರಣದಿಂದ ಉಳಿದನು. ಮಠದಿಲ್ ಅಪ್ಪು, ಕುಂಞಂಬು, ಚಿರುಕಂಡ, ಅಬೂಬಕ್ಕರ್ ಎಂಬ ಉಳಿದ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣಾನೂರಿನ ಕಾರಾಗೃಹದಲ್ಲಿ ಗಲ್ಲಿಗೇರಿಸಿದರು. ನಿರಂಜನರು 1924ರಲ್ಲಿ ಕುಳಕುಂದದಲ್ಲಿ ಹುಟ್ಟಿದವರು. ಕಯ್ಯೂರಿಗೆ ಸಮೀಪವಾದ ನೀಲೇಶ್ವರದ ಪ್ರೌಢಶಾಲೆಯಲ್ಲಿ ಓದಿದವರು. ಅವರ ಪಾಲಿಗೆ ಇದು ಪುಸ್ತಕದಿಂದ ತಿಳಿದ ವೃತ್ತಾಂತವಾಗಿರಲಿಲ್ಲ.

ಈ ವಸ್ತುವಿನಲ್ಲಿ ನಾಯಕನಾರು? ಅಪ್ಪು ಮತ್ತು ಚಿರುಕಂಡ ಎಂಬ ಇಬ್ಬರು ಹುಡುಗರು ಬೆಳೆಯುವ ಬಗೆಯನ್ನು ಕಥೆಯು ಹಿಂಬಾಲಿಸುತ್ತದೆಯಾದ್ದರಿಂದ ಅವರೇ ನಾಯಕರೆನ್ನುವುದು ಸುಲಭ. ಅವರಿಗೆ ಅಕ್ಷರವನ್ನೂ ಅಕ್ಷರದಾಚೆಯ ವಿಷಯಗಳನ್ನೂ ಕಲಿಸಿದ ಮಾಸ್ತರನೇ ನಾಯಕನೆನ್ನುವವರೂ ಇದ್ದಾರೆ. ‘ಇಡೀ ಊರೇ ನಾಯಕ’ ಎಂಬ ಮಾತು ಈಗ ಪಠ್ಯಪುಸ್ತಕಗಳ ಪೀಠಿಕೆಗಳಲ್ಲಿಯೂ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿಯೂ ರೂಢವಾಗಿಬಿಟ್ಟಿದೆ. ಈ ಕೊನೆಯ ಮಾತು ಕೇಳಲು ಗಂಭೀರವಾಗಿದ್ದರೂ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಊರಿಗೆ ಗಲ್ಲು ಆಗಲಿಲ್ಲ. ಗಲ್ಲಾದುದು ನಾಲ್ಕು ಕೊರಳುಗಳಿಗೆ. ಸಮಷ್ಟಿಯ ಹೆಸರನ್ನು ಹೇಳಿ ವ್ಯಕ್ತಿಯ ಕುತ್ತಿಗೆಯ ಪ್ರಶ್ನೆಯನ್ನು ಹಾರಿಸಿಬಿಡುವುದು ವಿಮರ್ಶೆಯಾಗಲಾರದು.

ಇಲ್ಲಿ ಧನಂಜಯನ ಇನ್ನೊಂದು ವಿಚಾರವು ನಮಗೆ ಸಹಾಯಕವಾಗುತ್ತದೆ. ಅವನು ಇತಿವೃತ್ತವನ್ನು ಆಧಿಕಾರಿಕ, ಪ್ರಾಸಂಗಿಕವೆಂದು ಎರಡಾಗಿ ಒಡೆಯುತ್ತಾನೆ. ಅಧಿಕಾರವೆಂದರೆ ಫಲದ ಮೇಲಿನ ಒಡೆತನ. ಯಾವನು ಫಲಕ್ಕೆ ಸ್ವಾಮಿಯೋ ಅವನು ಅಧಿಕಾರಿ. ಅವನ ವೃತ್ತವೇ ಪ್ರಧಾನ. ಪರರ ಪ್ರಯೋಜನಕ್ಕಾಗಿ ಬಂದು ಹೋಗುವುದು ಪ್ರಾಸಂಗಿಕ. ಅದರಲ್ಲಿಯೂ ದೂರದವರೆಗೆ ಹರಿಯುವುದು ಪತಾಕೆ, ಒಂದೆಡೆ ಬಂದು ಮುಗಿಯುವುದು ಪ್ರಕರಿ. ಸುಗ್ರೀವನ ಕಥೆ ಪತಾಕೆ. ಅವನು ರಾಮನಿಗೆ ನೆರವಾದನು, ತಾನೂ ಕಿಷ್ಕಿಂಧೆಯನ್ನು ಪಡೆದನು. ಜಟಾಯುವಿನದು ಪ್ರಕರಿ. ಅವನಿಗೆ ತನ್ನದೆಂಬ ಫಲವಿಲ್ಲ. ರಾವಣನನ್ನು ತಡೆದನು, ಗೆಲ್ಲಲಿಲ್ಲ, ಬಿದ್ದನು, ಸೀತೆಯನ್ನು ಹೊತ್ತವನು ಯಾವ ದಿಕ್ಕಿಗೆ ಹೋದನೆಂಬುದನ್ನು ತಿಳಿಸಿ ಪ್ರಾಣಬಿಟ್ಟನು.

ಈ ಅಳತೆಯನ್ನು ಕಯ್ಯೂರಿನ ನಾಲ್ವರಿಗೆ ಹಿಡಿದು ನೋಡಿರಿ. ಅವರು ಬಯಸಿದ ಫಲಗಳು ಎರಡು: ಪರಪ್ರಭುತ್ವವು ತೊಲಗುವುದು, ಉಳುವವನಿಗೆ ನೆಲ ದೊರೆಯುವುದು. ಮೊದಲನೆಯದು ಅವರು ಸತ್ತ ನಾಲ್ಕು ವರ್ಷಗಳ ಮೇಲೆ 1947ರಲ್ಲಿ ಕೈಗೂಡಿತು. ಎರಡನೆಯದು ಆ ಸೀಮೆಯು 1956ರಲ್ಲಿ ಕೇರಳಕ್ಕೆ ಸೇರಿದ ಬಳಿಕ, ಭೂಸುಧಾರಣೆಯ ಶಾಸನವು 1970ರಲ್ಲಿ ಪೂರ್ಣರೂಪದಿಂದ ಜಾರಿಗೆ ಬಂದಾಗ ಬಹುಮಟ್ಟಿಗೆ ನೆರವೇರಿತು. ಎರಡಕ್ಕೂ ಸ್ವಾಮಿಗಳಾದವರು ಬೇರೆಯವರು. ಆದಕಾರಣ ಶಾಸ್ತ್ರದ ಕಟ್ಟುನಿಟ್ಟಾದ ದೃಷ್ಟಿಯಿಂದ ಅಪ್ಪು, ಚಿರುಕಂಡ ಮೊದಲಾದವರು ಅಧಿಕಾರಿಗಳಲ್ಲ, ಪತಾಕಾನಾಯಕರೂ ಅಲ್ಲ. ಜಟಾಯುವಿನ ಪಂಕ್ತಿಗೆ ಸೇರಿದವರು. ಅವರನ್ನು ಕಡಮೆ ಮಾಡುವುದಕ್ಕಾಗಿ ಹೀಗೆ ಹೇಳುತ್ತಿಲ್ಲ. ಕ್ರಾಂತಿಕಾರ್ಯದಲ್ಲಿ ವ್ಯಕ್ತಿಗೆ ಇರುವ ಸ್ಥಾನವು ಪ್ರಕರಿಯ ಸ್ಥಾನವೆಂಬುದನ್ನೂ, ಬರಿಯ ಪ್ರಕರಿಗಳಿಂದಲೇ ಒಂದು ಪೂರ್ಣಪ್ರಬಂಧವನ್ನು ಕಟ್ಟಬಹುದೆಂಬುದನ್ನೂ ನಿರಂಜನರು ಕನ್ನಡದಲ್ಲಿ ಮಾಡಿ ತೋರಿಸಿದರು. ಇದೇ ಆ ಗ್ರಂಥದ ಅಪೂರ್ವತೆ. ಅಧಿಕಾರಿಯ ಆಸನವು ಅಲ್ಲಿ ಬರಿದಾಗಿದೆ. ಅದರಲ್ಲಿ ಕೂಡಬೇಕಾದವರು ಪುಸ್ತಕದ ಹೊರಗೆ ಇರುವವರು, ಮುಂದೆ ಹುಟ್ಟುವವರು.

ಹಾಗಾದರೆ ರಸದ ಗತಿಯೇನೆಂದು ಆಕ್ಷೇಪಿಸಬಹುದು. ವೀರಕ್ಕೆ ಸ್ಥಾಯಿಯು ಉತ್ಸಾಹ. ಅದಕ್ಕೆ ಆಶ್ರಯನಾದ ಒಬ್ಬ ಧೀರನು ಬೇಕು. ಮರಣವು ಮೊದಲೇ ಗೊತ್ತಿರುವ ಕಥೆಯಲ್ಲಿ ಉತ್ಸಾಹವು ನಿಲ್ಲದೆ ಶೋಕವೇ ಪ್ರಬಲವಾಗಿ ಕೃತಿಯು ಕರುಣಕ್ಕೆ ಜಾರುತ್ತದೆ ಎಂಬುದು ಪೂರ್ವಪಕ್ಷ. ಇದಕ್ಕೆ ಸಮಾಧಾನವಿಷ್ಟು. ಯುದ್ಧವೀರ, ದಾನವೀರ, ದಯಾವೀರ, ಧರ್ಮವೀರರೆಂಬ ಭೇದಗಳನ್ನು ನಮ್ಮವರು ಒಪ್ಪಿದ್ದಾರೆ. ಜೀಮೂತವಾಹನನು ಗರುಡನಿಗೆ ದೇಹವನ್ನೊಪ್ಪಿಸಿದಾಗ ಅಲ್ಲಿ ಜಯವೇನೂ ಇಲ್ಲದಿದ್ದರೂ ಉತ್ಸಾಹವಿದೆಯೆಂದೇ ಹೇಳಿದ್ದಾರೆ. ಮೇಲಾಗಿ ‘ಚಿರಸ್ಮರಣೆ’ಯಲ್ಲಿ ಉತ್ಸಾಹವು ಒಬ್ಬನಲ್ಲಿ ಹುಟ್ಟಿ ಅವನಲ್ಲೇ ಇಂಗುವಂಥದಲ್ಲ; ಮಾಸ್ತರನಿಂದ ಹುಡುಗರಿಗೆ, ಹುಡುಗರಿಂದ ಸಂಘಕ್ಕೆ ಅದು ಕೈಮಾರುತ್ತದೆ. ಆಶ್ರಯವು ಬದಲಾಗುತ್ತಿದ್ದರೂ ಸ್ಥಾಯಿಯು ಕಡಿಯದೆ ಹರಿಯುವುದು ಇಲ್ಲಿಯ ವಿಶೇಷ. ಸಾವು ಒಂದು ಆಶ್ರಯವನ್ನು ಕೆಡಹುತ್ತದೆ, ಅಷ್ಟೆ. ಗ್ರಂಥಕ್ಕೆ ಇಟ್ಟ ಹೆಸರೂ ಇದಕ್ಕೆ ಅನುಗುಣವಾಗಿದೆ. ಸತ್ತವರ ಹೆಸರನ್ನೋ ಊರಿನ ಹೆಸರನ್ನೋ ಇಡದೆ, ಉಳಿದವರು ಮಾಡಬೇಕಾದ ಕೆಲಸದ ಹೆಸರನ್ನು ಇಟ್ಟಿದ್ದಾರೆ. ಸ್ಮರಣೆಯು ಅಪ್ಪುವಿನ ಕೆಲಸವಲ್ಲ, ನಮ್ಮದು.

ಮಾಸ್ತರನ ಪಾತ್ರದ ವಿಷಯದಲ್ಲಿ ಇನ್ನೂ ನಾಲ್ಕು ಮಾತುಗಳನ್ನು ಹೇಳಬೇಕು. ಉಪಾಧ್ಯಾಯವೃತ್ತಿಯವನಾದ ನನಗೆ ಅಲ್ಲಿ ಪಕ್ಷಪಾತವಿದ್ದರೆ ವಾಚಕರು ಕ್ಷಮಿಸಬೇಕು. ಕ್ರಾಂತಿಯ ಕಥೆಗಳಲ್ಲಿ ಸಾಮಾನ್ಯವಾಗಿ ಹೊರಗಿನಿಂದ ಬಂದ ಒಬ್ಬ ಬುದ್ಧಿವಂತನು ಅಜ್ಞರಾದ ಜನಕ್ಕೆ ಬೆಳಕು ತೋರಿಸಿ ಕೊನೆಯವರೆಗೂ ಮುಂದೆ ನಿಂತು ನಡೆಯಿಸುತ್ತಾನೆ. ಕನ್ನಡದಲ್ಲಿ 1950ರ ಆಚೀಚೆ ಪ್ರಗತಿಶೀಲರು ಬರೆದ ಹಲವು ಕಥೆಗಳಿಗೆ ಈ ಜಾಡ್ಯವು ಅಂಟಿದೆ. ಅಲ್ಲಿಯ ಮುಂದಾಳು ಮಾತನಾಡುವಾಗ ವ್ಯಕ್ತಿಯೊಬ್ಬನ ದನಿಯು ಕೇಳದೆ ಕರಪತ್ರದ ದನಿಯೇ ಕೇಳುತ್ತದೆ. ‘ಚಿರಸ್ಮರಣೆ’ಯ ಮಾಸ್ತರನೂ ಈ ದೋಷದಿಂದ ಪೂರ್ಣವಾಗಿ ಪಾರಾದವನಲ್ಲ. ಆದರೆ ಅವನ ಮುಖ್ಯ ಕಾರ್ಯವು ಓದಿಸುವುದು. ಗುರುವಿಗೆ ಶಿಷ್ಯನ ಫಲದಲ್ಲಿ ಒಡೆತನವಿಲ್ಲವೆಂಬುದು ನಮ್ಮ ಸಂಪ್ರದಾಯಕ್ಕೆ ಹೊಸ ಮಾತೇನಲ್ಲ. ಶಿಷ್ಯನಿಂದ ಸೋಲನ್ನು ಬಯಸಬೇಕೆಂಬ ಗಾದೆಯೇ ಉಂಟು. ಆದಕಾರಣ ಅವನೂ ಪ್ರಕರಿಯೇ. ತನ್ನ ಅವಶ್ಯಕತೆಯು ತೀರಿಹೋಗುವಂತೆ ಕೆಲಸಮಾಡುವ ಈ ಮಾಸ್ತರನನ್ನು ಪ್ರಧಾನನಾಯಕನೆಂದು ಪೀಠದಲ್ಲಿ ಕೂರಿಸುವವರು ಗ್ರಂಥಕರ್ತರ ಅಭಿಪ್ರಾಯಕ್ಕೇ ವಿರೋಧವಾಗಿ ನಡೆಯುತ್ತಾರೆ.

ಇದೇ ಲೇಖಕರು ‘ಕಲ್ಯಾಣಸ್ವಾಮಿ’ ಎಂಬ ಕಾದಂಬರಿಗೆ ಆರಿಸಿಕೊಂಡ ವೃತ್ತಾಂತವನ್ನು ಇದರ ಪಕ್ಕದಲ್ಲಿಟ್ಟರೆ ಸಂಗತಿಯು ಇನ್ನೂ ಸ್ಪಷ್ಟವಾಗುತ್ತದೆ. 1834ರಲ್ಲಿ ಕಂಪನಿಯವರು ಕೊಡಗನ್ನು ತೆಗೆದುಕೊಂಡ ಮೇಲೆ ಅರಸುಮನೆತನದವನೆಂದು ಹೇಳಿಕೊಂಡು ಮೊದಲು ಸ್ವಾಮಿ ಅಪರಂಪಾರನೂ ಅನಂತರ ಕಲ್ಯಾಣಸ್ವಾಮಿಯೂ ಎದ್ದರು; ಇಬ್ಬರೂ ಸೆರೆಸಿಕ್ಕಿದರು. ಆಮೇಲೆ 1837ರಲ್ಲಿ ಸುಳ್ಯದ ಕಡೆಯ ರೈತರು ದಂಡೆದ್ದು ಮಂಗಳೂರಿಗೆ ನುಗ್ಗಿ ಕೆಲವು ದಿವಸಗಳ ಕಾಲ ಅದನ್ನು ಹಿಡಿದಿಟ್ಟುಕೊಂಡಾಗ ಅವರ ಮುಂದೆ ಕಲ್ಯಾಣಸ್ವಾಮಿಯೆಂಬ ಹೆಸರಿನಿಂದ ನಿಂತವನು ಪುಟ್ಟಬಸಪ್ಪನೆಂಬ ಬೇಸಾಯಗಾರನು. ನಿಜವಾದ ಕಲ್ಯಾಣಸ್ವಾಮಿಯು ಸೆರೆಯಲ್ಲಿದ್ದನು. ಹೆಸರು ಒಬ್ಬನದು, ತಲೆ ಇನ್ನೊಬ್ಬನದು. ಗಲ್ಲಿಗೆ ಹೋದುದು ತಲೆ. ಆ ಕಾಲದ ಜನರಿಗೆ ಅಧಿಕಾರಿಯೊಬ್ಬನು, ಎಂದರೆ ಫಲವನ್ನು ಪಡೆದು ಪಟ್ಟದಲ್ಲಿ ಕೂಡತಕ್ಕ ರಾಜವಂಶದವನು, ಇಲ್ಲದೆ ದಂಗೆಯನ್ನು ಊಹಿಸಿಕೊಳ್ಳುವುದೇ ಆಗುತ್ತಿರಲಿಲ್ಲ. ಇಲ್ಲದಿದ್ದರೆ ಸಾಲವಾಗಿಯಾದರೂ ತರಬೇಕಾಗಿದ್ದಿತು. ನೂರು ವರ್ಷಗಳ ಬಳಿಕ ಅದೇ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ ಎದ್ದ ಒಕ್ಕಲುಗಳು ತಮ್ಮ ತಮ್ಮ ಹೆಸರಿನಲ್ಲಿಯೇ ಎದ್ದರು, ತಮ್ಮ ಹೆಸರಿನಲ್ಲಿಯೇ ಸತ್ತರು. ಈ ಎರಡು ಘಟನೆಗಳ ನಡುವೆ ನಾಡಿನ ಮನಸ್ಸಿನಲ್ಲಿ ಆದ ಪಲ್ಲಟವನ್ನೇ ನಾನು ಕ್ರಾಂತಿಯೆಂದು ಕರೆಯಲು ಇಚ್ಛಿಸುತ್ತೇನೆ. ನಿರಂಜನರು ಎರಡನ್ನೂ ಬರೆದರೂ ಎರಡನ್ನೂ ಒಂದೇ ಎರಕದಲ್ಲಿ ಹೊಯ್ಯಲಿಲ್ಲವೆಂಬುದು ಅವರ ವಿವೇಕಕ್ಕೆ ಸಾಕ್ಷಿ.

ಆದರೆ ಅವರ ಅನಂತರಕಾಲದ ಬೃಹತ್ಕೃತಿಯಾದ ‘ಮೃತ್ಯುಂಜಯ’ದಲ್ಲಿ ಈ ವಿವೇಕವು ಸ್ವಲ್ಪ ಹಿಂದೆ ಸರಿದಿದೆಯೆಂದು ನನ್ನ ಮತ. ಪ್ರಾಚೀನ ಈಜಿಪ್ಟಿನ ಜನರ ದಂಗೆಯನ್ನು ಕುರಿತ ಆ ಕಾದಂಬರಿಯು ವಿಸ್ತಾರದಲ್ಲಿಯೂ ಪರಿಶ್ರಮದಲ್ಲಿಯೂ ‘ಚಿರಸ್ಮರಣೆ’ಯನ್ನು ಮೀರಿಸುತ್ತದೆ. ಆದರೂ ಅಲ್ಲಿ ಮೆನೆಪ್ಟಾ ಎಂಬ ಒಬ್ಬನೇ ಬೆಳೆದು ಬೆಳೆದು ಧೀರೋದಾತ್ತನಾಗಿ, ಮರಣವನ್ನೂ ಗೆದ್ದವನೆಂಬ ಬಿರುದನ್ನು ಹೊತ್ತು ನಿಲ್ಲುತ್ತಾನೆ. ಬರಿದಾಗಿ ಬಿಟ್ಟಿದ್ದ ಆಸನಕ್ಕೆ ಮತ್ತೆ ಒಬ್ಬನನ್ನು ಕರೆತಂದಂತಾಯಿತು. ಓದುವಾಗ ಸುಖವಾಗುವುದೇನೋ ನಿಜ. ನಮ್ಮ ಸಂಸ್ಕಾರವೇ ಅಂಥದು. ಒಬ್ಬ ನಾಯಕನು ದೊರೆತೊಡನೆಯೇ ಮನಸ್ಸು ಹಗುರವಾಗುತ್ತದೆ. ರಾಜಕೀಯದಲ್ಲಿಯೂ ಹಾಗೆಯೇ ಅಲ್ಲವೆ?

ಇನ್ನು ‘ಚಿರಸ್ಮರಣೆ’ಯ ದೋಷಗಳ ವಿಷಯ. ವೀರರಸಕ್ಕೆ ಆಲಂಬನವು ಗೆಲ್ಲಲ್ಪಡತಕ್ಕವನು. ಅವನು ಅಲ್ಪನಾದರೆ ಉತ್ಸಾಹವೂ ಅಲ್ಪವಾಗುತ್ತದೆ. ಆದ್ದರಿಂದಲೇ ದಂಡಿಯು ಎದುರಾಳಿಯ ವಂಶ, ಪರಾಕ್ರಮ, ವಿದ್ಯೆಗಳನ್ನು ವರ್ಣಿಸಿ ಆಮೇಲೆ ಅವನನ್ನು ಗೆದ್ದ ನಾಯಕನ ಹಿರಿಮೆಯನ್ನು ಹೇಳುವ ಪದ್ಧತಿಯನ್ನು ತಾನು ಮೆಚ್ಚುವುದಾಗಿ ಹೇಳಿದನು. ನಮ್ಮ ಪಂಪನೂ ರನ್ನನೂ ಈ ಮರ್ಮವನ್ನು ಬಲ್ಲವರು; ಕರ್ಣನಿಗೂ ದುರ್ಯೋಧನನಿಗೂ ಅವರು ಎಷ್ಟು ಎಡೆಯನ್ನು ಬಿಟ್ಟಿದ್ದಾರೆಂಬುದು ಕನ್ನಡ ಓದಿದವರೆಲ್ಲರಿಗೂ ಗೊತ್ತು. ಕಯ್ಯೂರಿನ ಜಮೀನುದಾರರು ಕಾದಂಬರಿಯಲ್ಲಿ ಲೋಭಿಗಳು, ಕ್ರೂರರು. ಅದಕ್ಕಿಂತ ಹೆಚ್ಚಿನದೇನೂ ಇಲ್ಲ. ತಲೆಮಾರುಗಳಿಂದ ಒಂದು ಊರನ್ನು ಆಳಿದವರ ಬಲವು ಬರಿಯ ಲೋಭದಿಂದ ಬಂದುದಾಗಿರಲಾರದು. ದೇವಸ್ಥಾನ, ಜಾತಿ, ಉಪಕಾರ, ಭಯಭಕ್ತಿ ಇವೆಲ್ಲ ಕೂಡಿ ಆಳುವವನಲ್ಲಿ ಒಂದು ತೇಜಸ್ಸನ್ನು ಹುಟ್ಟಿಸಿರುತ್ತವೆ. ಆ ತೇಜಸ್ಸನ್ನು ಒಕ್ಕಲು ತನ್ನ ಮನಸ್ಸಿನಿಂದ ಕಿತ್ತುಹಾಕುವುದು ಎಷ್ಟು ಕಷ್ಟವಾಗಿದ್ದಿತೆಂಬುದು ವರ್ಣಿತವಾಗಿದ್ದರೆ ಅಪ್ಪು ಚಿರುಕಂಡರ ಕೆಲಸವು ಇನ್ನೂ ದೊಡ್ಡದಾಗಿ ಕಾಣುತ್ತಿದ್ದಿತು.

ಹೊಳೆಯಲ್ಲಿ ಮುಳುಗಿದ ಪೊಲೀಸಿನವನ ವಿಷಯವು ಇದಕ್ಕಿಂತ ಗಹನವಾದುದು. ಗುಂಪು ಮಾಡಿದ ಕಾರ್ಯಕ್ಕೆ ನ್ಯಾಯಸ್ಥಾನವು ವ್ಯಕ್ತಿಗಳನ್ನು ಹುಡುಕಿತು; ಹುಡುಕಲೇಬೇಕಾಗಿದ್ದಿತು, ಏಕೆಂದರೆ ಗಲ್ಲಿನ ಹಗ್ಗವು ಗುಂಪಿನ ಕೊರಳಿಗೆ ಹೊಂದುವುದಿಲ್ಲ. ಹೀಗೆ ಹುಡುಕಿ ತೆಗೆದ ನಾಲ್ವರನ್ನು ಕಾದಂಬರಿಯು ನ್ಯಾಯಸ್ಥಾನದಿಂದ ಮರಳಿ ಪಡೆದು ಜನರಿಗೆ ಒಪ್ಪಿಸುತ್ತದೆ. ಇದು ಸರಿ. ಆದರೆ ಸತ್ತವರು ಐವರಲ್ಲವೆ? ಆ ಸೇವಕನೂ ಯಾರದೋ ಸಂಬಳಕ್ಕಾಗಿ, ಯಾರದೋ ಫಲಕ್ಕಾಗಿ ಕೋಲು ಹಿಡಿದವನು. ಶಾಸ್ತ್ರದ ಭಾಷೆಯಲ್ಲಿ ಅವನೂ ಪ್ರತಿಪಕ್ಷದ ಒಂದು ಪ್ರಕರಿ. ಅವನ ಕೈಗೆ ಬಾವುಟವನ್ನು ಕೊಟ್ಟ ಕ್ಷಣದಲ್ಲಿ ಪರಿಹಾಸವಿತ್ತೇ, ಆಹ್ವಾನವಿತ್ತೇ, ಹಿಂಸೆಯಿತ್ತೇ? ಮೂರೂ ಇದ್ದುವೆಂದು ನನಗೆ ತೋರುತ್ತದೆ. ಇಡೀ ವೃತ್ತಾಂತದ ತಿರುಗಣಿಯು ಅಲ್ಲಿದೆ. ಗ್ರಂಥಕರ್ತರು ಅಲ್ಲಿ ಇನ್ನೂ ಸ್ವಲ್ಪ ನಿಲ್ಲಬೇಕಾಗಿದ್ದಿತು. ಅವನ ಸಾವಿಗೆ ಒಂದು ಕಣ್ಣೀರನ್ನು ಬಿಟ್ಟಿದ್ದರೆ ನಾಲ್ವರ ಸಾವಿನ ತೂಕವು ಎಷ್ಟುಮಾತ್ರಕ್ಕೂ ಕಡಮೆಯಾಗುತ್ತಿರಲಿಲ್ಲ.

ಸಂಸ್ಕೃತದಲ್ಲಿ ರಾಜ್ಯಕ್ರಾಂತಿಯನ್ನು ಒಳಗೊಂಡ ಪ್ರಬಂಧವೇ ಇಲ್ಲವೆಂದು ಕೆಲವರು ತಿಳಿದಿದ್ದಾರೆ. ಶೂದ್ರಕನ ಮೃಚ್ಛಕಟಿಕವು ಇದಕ್ಕೆ ಉತ್ತರ. ಗೊಲ್ಲರ ಹುಡುಗನಾದ ಆರ್ಯಕನು ಪಾಲಕರಾಜನ ಸೆರೆಯನ್ನು ಮುರಿದು, ಕೊನೆಗೆ ಅವನನ್ನು ಕೊಂದು ತಾನೇ ಅರಸನಾಗುವ ವೃತ್ತಾಂತವು ಚಾರುದತ್ತ ವಸಂತಸೇನೆಯರ ಕಥೆಯ ಕೆಳಗೆ ಅಂತರ್ಗಾಮಿಯಾಗಿ ಹರಿಯುತ್ತದೆ. ಅಲ್ಲಿ ನಮ್ಮ ವಿಷಯಕ್ಕೆ ಬೇಕಾದುದೇನೆಂದರೆ, ಆ ಕ್ರಾಂತಿಯನ್ನು ಆಗಮಾಡಿದವರು ಸಣ್ಣವರು. ಕನ್ನ ಕೊರೆಯುವ ಶರ್ವಿಲಕನು ಹೊಸದಾಗಿ ದೊರೆತ ಹೆಂಡತಿಯನ್ನು ಕಳುಹಿಸಿಕೊಟ್ಟು ಗೆಳೆಯನ ಬಿಡುಗಡೆಗೆ ಓಡುತ್ತಾನೆ. ಚಾರುದತ್ತನ ಬಂಡಿಯು ತಿಳಿಯದೆಯೇ ಆರ್ಯಕನಿಗೆ ಆಶ್ರಯವಾಗುತ್ತದೆ. ಬಂಡಿಯನ್ನು ಶೋಧಿಸಲು ಬಂದ ಕಾವಲುಗಾರ ಚಂದನಕನು ಒಳಗೆ ಕುಳಿತವನನ್ನು ಕಂಡೂ ಕಾಣದಂತೆ ಬಿಡುತ್ತಾನೆ; ಬಿಡುವುದಷ್ಟೇ ಅಲ್ಲದೆ ತನ್ನ ಕತ್ತಿಯನ್ನೂ ಕೊಡುತ್ತಾನೆ. ಕಯ್ಯೂರಿನ ಪೊಲೀಸಿನವನ ಕೈಗೆ ಬಾವುಟ ಬಂದ ಹೊತ್ತನ್ನು ಓದುವಾಗಲೆಲ್ಲ ನನಗೆ ಈ ಚಂದನಕನ ನೆನಪು ಬರುತ್ತದೆ. ಆಳುವವನ ಆಳೊಬ್ಬನ ಮುಂದೆ ಎರಡು ದಾರಿಗಳು ಒಡೆದು ನಿಲ್ಲುವ ಗಳಿಗೆಯೆಂದರೆ ಅದೇ.

ಈಗ ಊರಿಗಾಮಿನ ಮಾತಿಗೆ ಬರುತ್ತೇನೆ. 1880ರಿಂದ ಜಾನ್ ಟೇಲರ್ ಕಂಪನಿಯವರ ಕೈಯಲ್ಲಿದ್ದು, 1956ರಲ್ಲಿ ಮೈಸೂರು ಸರ್ಕಾರಕ್ಕೆ ಸೇರಿ, ಕಡೆಗೆ 2001ರ ಫೆಬ್ರವರಿ 28ರಂದು ಮುಚ್ಚಿಹೋದ ಈ ಗಣಿಗಳಿಂದ ಎಂಟುನೂರು ಟನ್ನಿಗೂ ಮೇಲ್ಪಟ್ಟು ಹೊನ್ನು ಹೊರಬಂದಿತು. ಚಾಂಪಿಯನ್ ರೀಫಿನ ಸುರಂಗಗಳು ಮೂರು ಸಾವಿರ ಮೀಟರಿಗಿಂತಲೂ ಆಳಕ್ಕೆ ಇಳಿದಿದ್ದುವು. ಫಲಸ್ವಾಮ್ಯವೆಂಬ ಧನಂಜಯನ ಮಾತು ಇಲ್ಲಿ ರೂಪಕವಾಗಿ ಉಳಿಯುವುದಿಲ್ಲ. ಫಲವನ್ನು ಅಗೆದು ತೆಗೆದವನು ಅದರ ಒಡೆಯನಲ್ಲವೆಂಬುದು ಇಲ್ಲಿ ದಿನನಿತ್ಯದ ಲೆಕ್ಕವಾಗಿದ್ದಿತು. 1930ರಲ್ಲಿ ಕಂಪನಿಯವರು ಪ್ರತಿಯೊಬ್ಬ ಆಳಿನ ಬೆರಳಚ್ಚನ್ನು ತೆಗೆದು ದಾಖಲೆಯಿಡುವ ಪದ್ಧತಿಯನ್ನು ತರಲೆಳಸಿದಾಗ ಸಾವಿರಾರು ಮಂದಿ ಕಾರ್ಮಿಕರು ಸುಮಾರು ಮೂರು ವಾರಗಳ ಕಾಲ ಕೆಲಸವನ್ನು ನಿಲ್ಲಿಸಿದರು. ಆಗ ಗಣಿಯಲ್ಲಿ ಅಂಗೀಕೃತವಾದ ಕಾರ್ಮಿಕಸಂಘವೇ ಇರಲಿಲ್ಲ. ವಿಚಿತ್ರವನ್ನು ನೋಡಿರಿ: ಒಡೆಯನು ವ್ಯಕ್ತಿಯನ್ನು ವ್ಯಕ್ತಿಯಾಗಿ ಗುರುತಿಸಲು ಹೊರಟನು, ಅವನ ಬೆರಳಿನ ಗೆರೆಯವರೆಗೂ, ಆಳುಗಳು ಹೆಸರಿಲ್ಲದ ಒಂದು ಮೊತ್ತವಾಗಿ ನಿಂತು ಅದನ್ನು ನಿರಾಕರಿಸಿದರು.

ಮುಂದೆ ಕಾರ್ಮಿಕ ಮುಖಂಡರಾದ ಕೆ. ಎಸ್. ವಾಸನ್ ಮೊದಲಾದವರು ಇಲ್ಲಿ ಸಂಘವನ್ನು ಕಟ್ಟಿದರು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ವಾಸನ್‌ರ ಹೆಸರು ಈ ಕಡೆಯ ಹಿರಿಯರ ಬಾಯಲ್ಲಿದೆ. ಆರು ಮಂದಿಯ ಹೆಸರುಗಳು ವರ್ಷಕ್ಕೊಮ್ಮೆ ಆ ದಿನದಂದು ಓದಲ್ಪಡುತ್ತವೆ. ಮುಂದಾಳಿಗೆ ಚರಿತ್ರೆಯು ದೊರೆಯುತ್ತದೆ, ಸತ್ತವನಿಗೆ ಕಲ್ಲು. ‘ಚಿರಸ್ಮರಣೆ’ಯು ಕಯ್ಯೂರಿನಲ್ಲಿ ಈ ಕ್ರಮವನ್ನು ತಿರುಗಿಸಿತು. ಆ ಮೊಕದ್ದಮೆಯ ಆಪಾದಿತರಲ್ಲೊಬ್ಬರಾಗಿದ್ದ ಇ. ಕೆ. ನಾಯನಾರರು ಮುಂದೆ ಕೇರಳದ ಮುಖ್ಯಮಂತ್ರಿಗಳಾದರೂ, ಕನ್ನಡ ಬಲ್ಲವನಿಗೆ ಕಯ್ಯೂರೆಂದೊಡನೆ ನೆನಪಾಗುವುದು ಅಪ್ಪು, ಚಿರುಕಂಡರೇ. ಊರಿಗಾಮಿನ ಆರು ಮಂದಿಗೆ ಅಂಥ ಒಂದು ಕನ್ನಡ ಗ್ರಂಥವು ಒದಗಲಿಲ್ಲ. ಕೋಲಾರದ ಸೀಮೆಯು ಮಾಸ್ತಿಯವರನ್ನೂ ಡಿ. ವಿ. ಗುಂಡಪ್ಪನವರನ್ನೂ ಕೊಟ್ಟ ಸೀಮೆ. ಕೈಲಾಸಂ ಅವರು ಭೂಗರ್ಭಶಾಸ್ತ್ರಜ್ಞರಾಗಿ ಈ ಗಣಿಗಳ ಕಡೆಯಲ್ಲಿಯೇ ಕೆಲಸಮಾಡಿದವರು. ಆದರೂ ಗಣಿಯ ಬಾಯಿಯಿಂದ ಕೆಳಗೆ ಇಳಿದವನು ನಮ್ಮ ಸಾಹಿತ್ಯದೊಳಕ್ಕೆ ಬಂದುದು ಬಹಳ ವಿರಳ.

ಈ ಅಭಾವಕ್ಕೆ ಸಾಮಾನ್ಯವಾಗಿ ಕೊಡುವ ಕಾರಣವೆಂದರೆ ಇಲ್ಲಿಯ ಕಾರ್ಮಿಕರು ಬಹುಮಟ್ಟಿಗೆ ತಮಿಳರು, ಉಳಿದವರಲ್ಲಿಯೂ ತೆಲುಗರು ಹಲವರು. ಅವರ ಸುಖದುಃಖಗಳನ್ನು ಬರೆಯುವುದು ಆಯಾ ಭಾಷೆಯವರ ಕೆಲಸ ಎಂಬುದು. ಈ ಕಾರಣವು ನಿಲ್ಲುವುದಿಲ್ಲ. ಆ ಜನರು ಅಕ್ಷರಹೀನರಾಗಿ ಯಾರೋ ಬರೆಯಲೆಂದು ಕಾದುಕುಳಿತವರಲ್ಲವೆಂಬುದು ನಿಜ. ಅಯೋತ್ತಿದಾಸ ಪಂಡಿತರ ಬೌದ್ಧಪಕ್ಷಕ್ಕೆ ಸೇರಿದವರು ಮಾರಿಕುಪ್ಪದಲ್ಲಿಯೂ ಚಾಂಪಿಯನ್ ರೀಫಿನಲ್ಲಿಯೂ ಸಂಘಗಳನ್ನು ಸ್ಥಾಪಿಸಿ, ಸಿದ್ಧಾರ್ಥ ಮುದ್ರಣಾಲಯದಿಂದ ತಮಿಳು ಪುಸ್ತಕಗಳನ್ನು ಅಚ್ಚು ಮಾಡಿದರು. ‘ಚಿರಸ್ಮರಣೆ’ಯ ಮಾಸ್ತರನಂಥವರು ಇಲ್ಲಿಯೂ ಇದ್ದರು, ಅವನಿಗಿಂತ ಮುಂಚೆಯೇ ಇದ್ದರು. ಆದರೆ ಕಯ್ಯೂರಿನ ಅಪ್ಪು ಮನೆಯಲ್ಲಿ ಆಡಿದ ಭಾಷೆ ಯಾವುದು? ಮಲೆಯಾಳವಲ್ಲವೆ? ಅವನನ್ನು ಕುರಿತ ಪ್ರಬಂಧವು ಕನ್ನಡದಲ್ಲಿ ಹುಟ್ಟಿ, ಆಮೇಲೆ ಮಲೆಯಾಳಕ್ಕೆ ಭಾಷಾಂತರಗೊಂಡು ಅವನ ಊರಿಗೆ ಹೋಯಿತು. ಗಡಿಯಾಚೆಯ ನುಡಿಯವನನ್ನು ತನ್ನವನೆಂದುಕೊಳ್ಳಲು ಕನ್ನಡಕ್ಕೆ ಅಲ್ಲಿ ಯಾವ ತೊಡಕೂ ಇರಲಿಲ್ಲ. ಗಡಿಯೊಳಗಣ ಊರಿಗಾಮಿನಲ್ಲಿ ತೊಡಕಾಯಿತೆಂದರೆ ಅದಕ್ಕೆ ಕಾರಣವನ್ನು ಭಾಷೆಯಲ್ಲಿ ಹುಡುಕಬಾರದು. ನೇಗಿಲು ಹಿಡಿದವನನ್ನು ನಾವು ಕಾವ್ಯದೊಳಕ್ಕೆ ಬರಮಾಡಿಕೊಂಡೆವು. ಲೈನುಮನೆಗಳಲ್ಲಿ ವಾಸಿಸುತ್ತ ಸುರಂಗದೊಳಗೆ ಇಳಿಯುತ್ತಿದ್ದವನು, ಅದರಲ್ಲಿಯೂ ಅಸ್ಪೃಶ್ಯವೆನಿಸಿಕೊಂಡ ಕುಲದವನು, ನಮ್ಮ ಪಂಡಿತವರ್ಗದ ಕಣ್ಣಿಗೆ ಬೀಳಲಿಲ್ಲ. ನಾನು ಆ ವರ್ಗಕ್ಕೆ ಸೇರಿದವನಾದುದರಿಂದ ಇದನ್ನು ಹೇಳುವ ಹೊಣೆಯು ನನ್ನದೇ.

ಮುಂದೆ ಯಾರಾದರೂ ಬರೆಯುವುದಾದರೆ ಅವರಿಗೆ ‘ಚಿರಸ್ಮರಣೆ’ಯ ಮಾದರಿಯೊಂದೇ ಸಾಲದು. ಅಲ್ಲಿ ನಾಲ್ಕು ಹೆಸರುಗಳಿದ್ದುವು, ಒಂದು ಹೊಳೆಯಿದ್ದಿತು, ಒಂದೇ ನುಡಿಯಿದ್ದಿತು. 1930ರ ಊರಿಗಾಮಿನಲ್ಲಿ ಹೆಸರುಗಳಿಲ್ಲ, ನುಡಿಗಳು ನಾಲ್ಕೈದು. ತಮಿಳು, ತೆಲುಗು, ಕನ್ನಡ, ದಖನಿ, ಮೇಲುಸ್ತುವಾರಿಯವರ ಇಂಗ್ಲಿಷು ಎಲ್ಲವೂ ಒಂದೇ ಸುರಂಗದಲ್ಲಿ ಕೇಳುತ್ತಿದ್ದ ಕಥೆಯನ್ನು ಒಂದೇ ಹದದ ಗ್ರಾಂಥಿಕ ಕನ್ನಡದಲ್ಲಿ ಬರೆದರೆ ಅದು ಸುಳ್ಳಾಗುತ್ತದೆ. ಇದಕ್ಕೆ ಶೂದ್ರಕನ ಕಡೆಗೇ ತಿರುಗಬೇಕೆಂದು ನನ್ನ ಸೂಚನೆ. ಮೃಚ್ಛಕಟಿಕದಷ್ಟು ಬಗೆಬಗೆಯ ಪ್ರಾಕೃತಗಳನ್ನು ಒಂದೆಡೆ ಸೇರಿಸಿದ ನಾಟಕವು ಸಂಸ್ಕೃತದಲ್ಲಿ ಬೇರೊಂದಿಲ್ಲ. ವ್ಯಾಖ್ಯಾನಕಾರನಾದ ಪೃಥ್ವೀಧರನು ಯಾವ ಪಾತ್ರವು ಯಾವ ಪ್ರಾಕೃತವನ್ನು ಆಡುತ್ತದೆಂದು ಎಣಿಸಿಯೇ ಹೇಳಿದ್ದಾನೆ. ದಾಕ್ಷಿಣಾತ್ಯನಾದ ಚಂದನಕನಂತೂ ಆರ್ಯಕನ ಸುಳಿವನ್ನು ಹೇಳುವಾಗ ಬಾಯ್ತಪ್ಪಿ ಲಿಂಗವನ್ನು ಕೆಡಿಸಿ, ಜೊತೆಯ ಕಾವಲುಗಾರನಾದ ವೀರಕನಿಗೆ ಸಂಶಯ ಬಂದೊಡನೆ ತೆಂಕಣವರ ಮಾತು ಅಸ್ಪಷ್ಟವೆಂಬ ನೆಪವನ್ನು ಮುಂದೊಡ್ಡುತ್ತಾನೆ. ಅದೂ ಸಾಲದೆ ಹೋದಾಗ, ಬಂಡಿಯೊಳಗಿನವನನ್ನು ಉಳಿಸುವುದಕ್ಕಾಗಿ, ಕನ್ನಡಿಗರ ರೀತಿಯ ಜಗಳವೊಂದನ್ನು ಬೇಕೆಂದೇ ತೆಗೆಯುತ್ತಾನೆ.